ನೃತ್ಯವನ್ನು ಪದವಿಪೂರ್ವ ತರಗತಿಯ ಪಾಠ್ಯವಿಷಯವನ್ನಾಗಿ ಮಾಡಬೇಕು

ತಾವರಗೇರಾ ಹಾಗೂ ಸುತ್ತಲಿನ ಊರುಗಳ ತಂದೆತಾಯಿಗಳಲ್ಲಿ, ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ



ನಾನಿನ್ನೂ ಅಧ್ಯಾಪಕ ವೃತ್ತಿಯಲ್ಲಿದ್ದ ಕಾಲದಲ್ಲಿ ಪದವಿಪೂರ್ವ ತರಗತಿಯ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹಂಪಿಗೆ ಹೋಗಿದ್ದೆನು. ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಆನೆ ಕುದುರೆಗಳೂ, ಬೇಟೆಗಾರರೂ, ಮಲ್ಲರೂ ಸಾಲುಗೊಂಡಿರುವ ನಡುವೆ ಕೈಯಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಸರ ಒಂದು ಪಂಕ್ತಿಯುಂಟು. ಉಳಿದ ಮಕ್ಕಳು ಮುಂದೆ ಸಾಗಿದರೂ ಒಬ್ಬ ಹುಡುಗಿ ಮಾತ್ರ ಆ ಪಂಕ್ತಿಯ ಎದುರಿನಲ್ಲಿಯೇ ನಿಂತು, ಶಿಲ್ಪದ ಕಾಲಿನ ಬಾಗನ್ನು ತನ್ನ ಕಾಲಿನಿಂದ ಅನುಕರಿಸಿ ನೋಡುತ್ತಿದ್ದಳು. ಬಳಿಗೆ ಹೋದಾಗ, "ಸರ್, ಈ ಹೆಜ್ಜಿ ನಮ್ಮ ಓಣ್ಯಾಗ ಕೋಲಾಟದಾಗ ಹಾಕತಾರ್ರಿ. ಇದನ್ನ ಓದಬೇಕಂದ್ರ ಯಾವ ಸಬ್ಜೆಕ್ಟ್ ತಗೋಬೇಕ್ರಿ?" ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಇತಿಹಾಸವನ್ನು ಆರಿಸಿಕೊಂಡರೆ ಆ ದಿಬ್ಬವನ್ನು ಕಟ್ಟಿದ ಅರಸುಮನೆತನಗಳ ಯುದ್ಧಗಳನ್ನು ಓದಬಹುದಿತ್ತು. ಸಮಾಜಶಾಸ್ತ್ರವನ್ನು ಆರಿಸಿಕೊಂಡರೆ ಹಬ್ಬಗಳ ವಿಚಾರವಾಗಿ ನಾಲ್ಕು ಮಾತು ಸಿಕ್ಕುತ್ತಿದ್ದುವು. ಆದರೆ ಆ ಹೆಜ್ಜೆಯನ್ನೇ, ಅದರ ಲಯವನ್ನೇ, ಅದು ಐದು ಶತಮಾನಗಳನ್ನು ದಾಟಿ ಅವಳ ಓಣಿಗೆ ಬಂದ ಬಗೆಯನ್ನೇ ಓದತಕ್ಕ ವಿಷಯ ನಮ್ಮ ರಾಜ್ಯದ ಪದವಿಪೂರ್ವ ಕಾಲೇಜುಗಳ ಪಟ್ಟಿಯಲ್ಲಿ ಇರಲಿಲ್ಲ. ನೃತ್ಯವನ್ನು ಆ ಪಟ್ಟಿಯಲ್ಲಿ ಒಂದು ಐಚ್ಛಿಕ ವಿಷಯವನ್ನಾಗಿ ಸೇರಿಸಬೇಕು, ಮತ್ತು ಅದರ ಪ್ರಾರಂಭವು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆಗಬೇಕು ಎಂಬುದೇ ಈ ಕರಪತ್ರದ ಪ್ರಾರ್ಥನೆ.

ಕುಣಿತವನ್ನು ಪಾಠವನ್ನಾಗಿ ಮಾಡುವುದು ಹೊಸಗಾಲದ ಹುಚ್ಚು ಎಂದು ತಿಳಿದವರು ತುಂಗಭದ್ರೆಯ ಆಚೆ ದಡವನ್ನೊಮ್ಮೆ ನೋಡಬೇಕು. ಸುಮಾರು ೧೫೨೦ರ ವೇಳೆಗೆ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಅರಮನೆಯೊಳಗಿನ ನೃತ್ಯಶಾಲೆಯೊಂದನ್ನು ಕಂಡು ಅದನ್ನು ವಿವರವಾಗಿ ಬಣ್ಣಿಸಿದ್ದಾನೆ. ಅಲ್ಲಿಯ ಫಲಕಗಳ ಮೇಲೆ ಒಂದೊಂದು ನೃತ್ಯವು ಯಾವ ಭಂಗಿಯಲ್ಲಿ ಮುಕ್ತಾಯವಾಗಬೇಕೋ ಆ ಭಂಗಿಯಲ್ಲಿ ನಿಂತ ನರ್ತಕಿಯನ್ನು ಕೆತ್ತಿದ್ದರಂತೆ. ಕಲಿಯುವವಳು ಮುಕ್ತಾಯದ ಭಂಗಿಯನ್ನು ಮರೆತರೆ ಫಲಕವನ್ನು ನೋಡಿ ನೆನಪು ಮಾಡಿಕೊಳ್ಳಲೆಂದೇ ಆ ಏರ್ಪಾಡು. ಶಾಲೆಯ ಒಂದು ಕೊನೆಯಲ್ಲಿ, ಕೈಯಿಂದ ಹಿಡಿದು ಜೋತುಬಿದ್ದು ಮೈಕಾಲುಗಳನ್ನು ಸಡಿಲಿಸಿ ಪಳಗಿಸಿಕೊಳ್ಳುವುದಕ್ಕೆ ಬೇರೆಯೇ ಸ್ಥಳವಿದ್ದಿತು. ಪಾಠಶಾಲೆ, ಪಾಠ್ಯಪುಸ್ತಕ, ಅಭ್ಯಾಸಕ್ಕೆ ಅನುಕೂಲ, ಈ ಮೂರೂ ಅಲ್ಲಿದ್ದುವು. ಮರೆತುದನ್ನು ನೆನಪಿಗೆ ತರುವ ಗುರುತನ್ನು ಗೋಡೆಗೆ ಕೆತ್ತಿಸಿದವರು ನೃತ್ಯವನ್ನು ಕೇವಲ ವಿನೋದವೆಂದು ಎಣಿಸಿದ್ದರೆಂದು ಹೇಳುವ ಧೈರ್ಯ ನನಗಿಲ್ಲ.

ಅಷ್ಟು ದೂರವಾದರೂ ಏತಕ್ಕೆ ಹೋಗಬೇಕು? ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣ, ಎಂದರೆ ನಮ್ಮ ಕೊಪ್ಪಳವೂ ಒಂದು. ನಮ್ಮ ಜಿಲ್ಲೆಯದೇ ಆದ ಇಟಗಿಯ ಮಹಾದೇವ ದೇವಾಲಯವನ್ನು ೧೧೧೨ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ರಾಜ್ಯಭಾರ, ವೈದ್ಯ, ಪಾಕಶಾಸ್ತ್ರಗಳ ಜೊತೆಯಲ್ಲಿ ನೃತ್ಯಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಹದಿನಾರನೆಯ ಶತಮಾನದಲ್ಲಿ ಶಿವಗಂಗೆಯ ಬಳಿಯ ಸಾತನೂರಿನ ಪುಂಡರೀಕ ವಿಠ್ಠಲನು ಉತ್ತರದೇಶಕ್ಕೆ ಹೋಗಿ, ಅಕ್ಬರನ ಕಾಲದಲ್ಲಿ ನರ್ತನನಿರ್ಣಯವೆಂಬ ಶಾಸ್ತ್ರಗ್ರಂಥವನ್ನು ರಚಿಸಿ, ನಿಯಮಬದ್ಧವಾದ ನೃತ್ಯವನ್ನೂ ನಿಯಮದಿಂದ ಮುಕ್ತವಾದ ನೃತ್ಯವನ್ನೂ ಬೇರೆಬೇರೆಯಾಗಿ ವಿವೇಚಿಸಿದನು. ಕನ್ನಡನಾಡಿನವನೊಬ್ಬನು ಬರೆದ ಈ ಗ್ರಂಥದ ಹೆಸರನ್ನಾದರೂ ಕೇಳದೆ ನಮ್ಮ ಮಕ್ಕಳು ದ್ವಿತೀಯ ಪಿಯುಸಿಯನ್ನು ದಾಟಿ ಹೋಗುತ್ತಾರೆ.

ಈಗ ನಮ್ಮ ಊರುಗಳಿಗೆ ಬರೋಣ. ಮೊಹರಮ್ಮಿನ ರಾತ್ರಿ ಅಲಾಯಿ ಕುಣಿಯ ಸುತ್ತ, ಹಲಗೆಯ ಏಟಿಗೆ ಸರಿಯಾಗಿ, ಎಲ್ಲ ಜಾತಿಮತಗಳ ಗಂಡಸರೂ ಹುಡುಗರೂ ಹಾಕುವ ಹೆಜ್ಜೆಯನ್ನು ಕಾಣದವರು ಈ ಸೀಮೆಯಲ್ಲಿ ಯಾರಿದ್ದಾರೆ? ಆ ಹೆಜ್ಜೆಯಲ್ಲಿ ಎಷ್ಟು ಬಗೆಗಳುಂಟು, ಒಂದು ಊರಿನದಕ್ಕೂ ಇನ್ನೊಂದು ಊರಿನದಕ್ಕೂ ಎಲ್ಲಿ ವ್ಯತ್ಯಾಸ, ರಿವಾಯತ್ ಪದದ ಛಂದಸ್ಸಿಗೂ ಕಾಲಿನ ನಡೆಗೂ ಏನು ಸಂಬಂಧ ಎಂಬುದನ್ನು ಹಿರಿಯರು ಕಾಲಿನಲ್ಲಿ ಬಲ್ಲರು. ಕಾಗದದ ಮೇಲೆ ಬರೆದಿಟ್ಟವರು ವಿರಳ. ಒಡಪು ಹೇಳುತ್ತ ವೀರಾವೇಶದಿಂದ ಕುಣಿಯುವ ಪುರವಂತರು, ತಿಂಗಳುಗಟ್ಟಲೆ ತಾಲೀಮು ಕೊಟ್ಟು ದೊಡ್ಡಾಟವನ್ನು ಕಲಿಸುವ ಮಾಸ್ತರರು, ತಾಂಡಾಗಳಲ್ಲಿ ವೃತ್ತಾಕಾರವಾಗಿ ಕುಣಿಯುವ ಲಂಬಾಣಿ ತಾಯಂದಿರು, ಇವರೆಲ್ಲರೂ ವಿದ್ಯಾವಂತರೇ. ಇವರ ವಿದ್ಯೆಗೆ ತರಗತಿಯಲ್ಲಿ ಸ್ಥಾನವಿಲ್ಲ, ಅಷ್ಟೆ. ವರ್ಷಕ್ಕೊಮ್ಮೆ ಗ್ಯಾದರಿಂಗಿನ ಸಂಜೆ ಚಲನಚಿತ್ರದ ಹಾಡೊಂದನ್ನು ಹಾಕಿ ಮಕ್ಕಳನ್ನು ವೇದಿಕೆಗೆ ಹತ್ತಿಸಿ, ಅದನ್ನೇ ನೃತ್ಯಕ್ಕೆ ಸಲ್ಲತಕ್ಕ ಗೌರವವೆಂದು ನಾವು ಸಮಾಧಾನಪಟ್ಟುಕೊಂಡಿದ್ದೇವೆ. ನಾನೂ ಹಾಗೆ ಸಮಾಧಾನಪಟ್ಟವನೇ. ಇಷ್ಟು ವರ್ಷ ಸುಮ್ಮನಿದ್ದುದಕ್ಕಾಗಿ ಈಗ ಪರಿತಪಿಸುತ್ತೇನೆ.

ಪದವಿಪೂರ್ವ ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದತಕ್ಕದ್ದಾಗಿದೆ. ಆ ಐಚ್ಛಿಕಗಳ ಪಟ್ಟಿಯಲ್ಲಿ ಹಿಂದೂಸ್ತಾನಿ ಸಂಗೀತವುಂಟು, ಕರ್ನಾಟಕ ಸಂಗೀತವುಂಟು. ಗೀತ ವಾದ್ಯ ನೃತ್ಯಗಳು ಮೂರೂ ಕೂಡಿದರೆ ಸಂಗೀತವೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದರೂ, ಮೂರರಲ್ಲಿ ಒಂದನ್ನು ನಾವು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. ಇನ್ನೂ ವಿಚಿತ್ರವೆಂದರೆ ಮೇಲಿನ ಮೆಟ್ಟಿಲುಗಳೆಲ್ಲ ಇವೆ: ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ವಿಭಾಗವುಂಟು, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯವೇ ಉಂಟು. ಕೆಳಗಿನ ಮೆಟ್ಟಿಲೂ ಇದೆ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ನೃತ್ಯಪರೀಕ್ಷೆಗಳು ಬಹುಕಾಲದಿಂದ ನಡೆದುಬಂದಿವೆ. ನಡುವಣ ಎರಡು ವರ್ಷಗಳು, ಹುಡುಗನೋ ಹುಡುಗಿಯೋ ತನ್ನ ಮುಂದಿನ ದಾರಿಯನ್ನು ನಿಶ್ಚಯಿಸುವ ಆ ಹದಿನಾರು ಹದಿನೇಳರ ವಯಸ್ಸು, ಅಲ್ಲಿ ಮಾತ್ರ ಮೆಟ್ಟಿಲು ಮುರಿದಿದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು ಹನ್ನೊಂದು ಹನ್ನೆರಡನೆಯ ತರಗತಿಗಳಲ್ಲಿ ಭರತನಾಟ್ಯ, ಕಥಕ್, ಒಡಿಸ್ಸಿ, ಮಣಿಪುರಿ ಮೊದಲಾದವುಗಳನ್ನು ವಿಷಯಗಳನ್ನಾಗಿ ಇಟ್ಟು, ಬರವಣಿಗೆಗೆ ೩೦, ಪ್ರಯೋಗಕ್ಕೆ ೭೦ ಅಂಕಗಳನ್ನು ಗೊತ್ತುಮಾಡಿದೆ. ಇಂಗ್ಲೆಂಡಿನಲ್ಲಿ ಇದೇ ವಯಸ್ಸಿನ ಮಕ್ಕಳು ನೃತ್ಯವನ್ನು ಆರಿಸಿಕೊಂಡು, ಅರ್ಧ ಅಂಕಗಳನ್ನು ಕುಣಿದೂ ಸಂಯೋಜಿಸಿಯೂ, ಉಳಿದರ್ಧವನ್ನು ಲಿಖಿತ ವಿಮರ್ಶೆಯಿಂದಲೂ ಪಡೆಯುತ್ತಾರೆ. ದಿಲ್ಲಿಯ ಮಂಡಳಿಗೂ ಇಂಗ್ಲೆಂಡಿನವರಿಗೂ ಸಾಧ್ಯವಾದುದು ನಮಗೆ ಅಸಾಧ್ಯವೆನ್ನಲು ಕಾರಣ ಕಾಣುವುದಿಲ್ಲ.

ಓದುವುದಕ್ಕೆ ಅದರಲ್ಲಿ ಏನಿದೆ ಎಂದು ಕೇಳುವವರು ತರಗತಿಯೊಂದನ್ನು ನನ್ನೊಡನೆ ಊಹಿಸಿಕೊಳ್ಳಲಿ. ಅರೆಮಂಡಿಯಲ್ಲಿ ನಿಂತ ವಿದ್ಯಾರ್ಥಿನಿ ಒಂದು ಅಡವನ್ನು ಮೊದಲನೆಯ ಕಾಲದಲ್ಲಿ ಆರಂಭಿಸಿ, ಎರಡನೆಯ ಕಾಲದಲ್ಲಿ ಇಮ್ಮಡಿ, ಮೂರನೆಯ ಕಾಲದಲ್ಲಿ ನಾಲ್ಮಡಿ ವೇಗಕ್ಕೆ ಏರಿಸುತ್ತಾಳೆ. ತಾಳದ ಏಟು ಕದಲುವುದಿಲ್ಲ. ಏಳು ತಾಳಗಳನ್ನು ಮೂರು, ನಾಲ್ಕು, ಐದು, ಏಳು, ಒಂಬತ್ತು ಎಣಿಕೆಯ ಐದು ಜಾತಿಗಳೊಡನೆ ಕೂಡಿಸಿದರೆ ಮೂವತ್ತೈದು ತಾಳಗಳಾಗುವ ಗಣಿತವು ಅವಳಿಗೆ ಪಾದದಲ್ಲಿಯೇ ತಿಳಿಯುತ್ತದೆ. ಮಂಡಿಯನ್ನು ಪಾದದ ದಿಕ್ಕಿಗೇ ಬಾಗಿಸದೆ ಒಳಕ್ಕೆ ವಾಲಿಸಿದರೆ ಕೀಲಿಗೆ ಏಕೆ ನೋವಾಗುತ್ತದೆ ಎಂಬ ಪ್ರಶ್ನೆಯಿಂದ ಶರೀರಶಾಸ್ತ್ರವೂ, ಒಂದೇ ಹಸ್ತವು ಹೂವೂ ಹಕ್ಕಿಯೂ ಆಗುವುದು ಹೇಗೆ ಎಂಬ ಪ್ರಶ್ನೆಯಿಂದ ಧ್ವನಿಸಿದ್ಧಾಂತವೂ ತಾವಾಗಿಯೇ ಒದಗಿ ಬರುತ್ತವೆ. ವಚನಗಳನ್ನೂ ಕೀರ್ತನೆಗಳನ್ನೂ ಅಭಿನಯಿಸಬೇಕಾದವಳು ಅವುಗಳನ್ನು ಪರೀಕ್ಷೆಗಾಗಿ ಉರುಹೊಡೆಯುವವಳಿಗಿಂತ ಹತ್ತುಪಟ್ಟು ಎಚ್ಚರದಿಂದ ಓದಬೇಕಾಗುತ್ತದೆ. ಅರ್ಥವಾಗದ ಪದವನ್ನು ಅಭಿನಯಿಸಲು ಬರುವುದಿಲ್ಲ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ತೋಳುಗಳ ನಟರಾಜನ ಎದುರು ನಿಂತು, ಒಂದೊಂದು ಜೋಡಿ ತೋಳನ್ನು ತನ್ನ ಮೈಯಲ್ಲಿ ತಂದು ನೋಡಿದವಳು ಆ ಶಿಲ್ಪಿಯ ಮನಸ್ಸಿಗೆ ನಮಗಿಂತ ಸಮೀಪಳಾಗುತ್ತಾಳೆ. ಎರಡನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕುಣಿತವನ್ನು ಹಿರಿಯರಿಂದ ಕಲಿತು, ಹೆಜ್ಜೆಯನ್ನೂ ತಾಳವನ್ನೂ ಪದವನ್ನೂ ಬರೆದು ದಾಖಲಿಸಬೇಕೆಂದು ವಿಧಿಸಿದರೆ, ಅಲಾಯಿಯ ಹೆಜ್ಜೆಗಳನ್ನು ಬರೆದಿಟ್ಟ ಮೊದಲ ತಲೆಮಾರು ನಮ್ಮ ಮಕ್ಕಳದೇ ಆದೀತು. ಪಠ್ಯಕ್ರಮವು ಶಾಸ್ತ್ರೀಯ ನೃತ್ಯಕ್ಕೆ ಮಾತ್ರ ಮೀಸಲಾಗಿ ಹಳ್ಳಿಯ ಕುಣಿತವನ್ನು ಕೆಳಗೆ ಕೂರಿಸುವುದಾದರೆ ನಾನೇ ಅದನ್ನು ಮೊದಲು ವಿರೋಧಿಸುತ್ತೇನೆ.

ಕುಣಿತಕ್ಕೆ ಅಂಕ ಕೊಡುವುದು ಹೇಗೆ ಎಂಬ ಆಕ್ಷೇಪಣೆ ದೊಡ್ಡದಲ್ಲ. ಭೌತಶಾಸ್ತ್ರದಲ್ಲಿ ೩೦ ಅಂಕಗಳನ್ನು ಪ್ರಯೋಗಾಲಯದಲ್ಲಿ, ಹೊರಗಿನ ಪರೀಕ್ಷಕರ ಕಣ್ಣೆದುರು ಸಂಪಾದಿಸಬೇಕಲ್ಲವೆ? ಬೆಂಗಳೂರು ವಿಶ್ವವಿದ್ಯಾನಿಲಯದ ನೃತ್ಯವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿದ್ದ ಯು. ಎಸ್. ಕೃಷ್ಣರಾಯರು ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದರು. ಪ್ರಯೋಗಾಲಯದ ಶಿಸ್ತೂ ನೃತ್ಯದ ಶಿಸ್ತೂ ಅವರ ಒಂದೇ ಬಾಳಿನಲ್ಲಿ ಹೊಂದಿಕೊಂಡುವು.

ಮಾನದ ಪ್ರಶ್ನೆ ಇದಕ್ಕಿಂತ ಭಾರವಾದುದು. ಅದನ್ನು ಬದಿಗೆ ಸರಿಸಿ ಮಾತನಾಡುವುದು ಅಪ್ರಾಮಾಣಿಕತೆಯಾದೀತು. "ನಮ್ಮ ಮನಿ ಹೆಣ್ಮಗಳು ಕುಣ್ಯಾಕ ಹೋಗಬೇಕೇನು?" ಎಂದು ತಾಯಿಯೊಬ್ಬಳು ಕೇಳಿದರೆ ಆ ಮಾತಿನ ಹಿಂದೆ ಒಂದು ದೀರ್ಘ ವೇದನೆಯಿದೆ. ದೇವರ ಹೆಸರಿನಲ್ಲಿ ಬಡವರ, ದಲಿತರ ಹೆಣ್ಣುಮಕ್ಕಳನ್ನು ಮುತ್ತುಕಟ್ಟಿ ಬಿಟ್ಟ ಪದ್ಧತಿಯು ನಮ್ಮ ಸೀಮೆಯಲ್ಲಿಯೂ ಇದ್ದಿತು. ಅದನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕವು ೧೯೮೨ರಲ್ಲಿ ರೂಪಿಸಬೇಕಾಯಿತು. ಆದರೆ ಅನ್ಯಾಯವಿದ್ದುದು ಆ ಸಮರ್ಪಣೆಯಲ್ಲಿ, ಆ ಬಲಾತ್ಕಾರದಲ್ಲಿ. ತಾಳದಲ್ಲಿಯೂ ಹೆಜ್ಜೆಯಲ್ಲಿಯೂ ಅಲ್ಲ. ಕಡೂರು ಸೀಮೆಯ ತಂಗಲಿ ತಾಂಡಾದ ಲಂಬಾಣಿ ಕುಟುಂಬದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರಲ್ಲಿ ಅಭಿನಯವನ್ನು ಕಲಿತು, ಮೈಸೂರು ಅರಮನೆಯ ಆಸ್ಥಾನ ವಿದುಷಿಯಾಗಿ ಬಾಳಿದ ಕೆ. ವೆಂಕಟಲಕ್ಷಮ್ಮನವರು ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವನ್ನು ಬೋಧಿಸಿದರು. ೧೯೯೨ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ನಮ್ಮ ತಾವರಗೇರಾದ ಸುತ್ತಲಿನ ತಾಂಡಾಗಳಲ್ಲಿ ಅಂಥ ಹುಡುಗಿಯರು ಇಲ್ಲವೆಂದು ಯಾರು ಹೇಳಬಲ್ಲರು? ವಿದ್ಯೆಯನ್ನು ಸರಕಾರಿ ಕಾಲೇಜಿನ ಹಗಲು ಬೆಳಕಿಗೆ, ಗಂಡು ಹೆಣ್ಣು ಇಬ್ಬರಿಗೂ ಸಮಾನವಾಗಿ, ಹಾಜರಿಪುಸ್ತಕದ ಕ್ರಮಕ್ಕೆ ತಂದಾಗಲೇ ಅದರ ಮೇಲಿನ ಹಳೆಯ ಕಳಂಕವು ತೊಳೆದುಹೋಗುತ್ತದೆ.

ಹೊಟ್ಟೆಪಾಡಿನ ಚಿಂತೆಯುಳ್ಳವರು ನೆನೆಯಬೇಕಾದುದು ಇಷ್ಟು: ನಾಲ್ಕು ಐಚ್ಛಿಕಗಳಲ್ಲಿ ಒಂದು ನೃತ್ಯವಾದರೆ ಉಳಿದ ಮೂರು ವಿಷಯಗಳು ಎಲ್ಲಿಯೂ ಓಡಿಹೋಗುವುದಿಲ್ಲ. ಬದಲಿಗೆ, ಈ ವಿದ್ಯೆಯು ಈಗ ಯಾರಿಗೆ ದೊರೆಯುತ್ತಿದೆ ಎಂಬುದನ್ನು ಯೋಚಿಸಿ ನೋಡಿ. ನಗರದಲ್ಲಿ ಮನೆಯಿದ್ದು, ತಿಂಗಳ ಫೀಸು ತೆತ್ತು, ರಂಗಪ್ರವೇಶದ ವೆಚ್ಚವನ್ನು ಭರಿಸಬಲ್ಲ ಕುಟುಂಬದ ಮಕ್ಕಳಿಗೆ. ಮೆಣಸಿನಕಾಯಿ ಬಿಡಿಸಲು ಹೋಗುವ ತಾಯಿಯ ಮಗಳಿಗೆ ಸರಕಾರಿ ಕಾಲೇಜಿನ ಬಾಗಿಲ ಹೊರತು ಬೇರೆ ಬಾಗಿಲಿಲ್ಲ.

ಆದುದರಿಂದ ಶಾಲಾ ಶಿಕ್ಷಣ ಇಲಾಖೆಯ ಪದವಿಪೂರ್ವ ವಿಭಾಗದಲ್ಲಿ ನಮ್ಮ ಬೇಡಿಕೆ ಹೀಗಿದೆ. ನೃತ್ಯವನ್ನು ಐಚ್ಛಿಕ ವಿಷಯವೆಂದು ಅಂಗೀಕರಿಸಿ, ಮೊದಲಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ತಲಾ ಒಂದು ಸರಕಾರಿ ಕಾಲೇಜಿನಲ್ಲಿ ಅದನ್ನು ಆರಂಭಿಸಲಿ. ಸ್ನಾತಕೋತ್ತರ ಪದವೀಧರರಾದ ಒಬ್ಬ ಉಪನ್ಯಾಸಕರನ್ನೂ, ಅವರ ಜೊತೆಗೆ ಗೌರವಧನದ ಮೇಲೆ ಸ್ಥಳೀಯ ದೊಡ್ಡಾಟದ ಮಾಸ್ತರರನ್ನೋ ಹಲಗೆಯ ವಾದಕರನ್ನೋ ನೇಮಿಸಲಿ. ಸಂವಿಧಾನದ ೩೭೧ (ಜೆ) ವಿಧಿಯು ದೊರಕಿಸಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಒಂದೊಂದು ಕೋಣೆಯನ್ನು ಇದಕ್ಕಾಗಿ ಸಜ್ಜುಗೊಳಿಸಲಿ. ಆ ಕೋಣೆಗೆ ಮಾತ್ರ ಶಹಾಬಾದ್ ಕಲ್ಲು ಹಾಸುವುದು ಬೇಡ. ಬಂಡೆಯ ಮೇಲೆ ದಿನವೂ ತಟ್ಟಿದ ಪಾದದ ಏಟು ಮಂಡಿಗೂ ಬೆನ್ನಿಗೂ ಏರುತ್ತದೆ. ಮರದ ಹಲಗೆಯ ನೆಲವಾಗಲಿ, ಅದಿಲ್ಲದಿದ್ದರೆ ಸಾರಿಸಿದ ಮಣ್ಣಿನ ನೆಲವಾದರೂ ಇರಲಿ.

ಹತ್ತನೆಯ ತರಗತಿಯ ಫಲಿತಾಂಶ ಬಂದು ಪ್ರವೇಶದ ಅರ್ಜಿ ತುಂಬುವ ದಿನ ನಿಮ್ಮ ಮಗಳನ್ನೋ ಮಗನನ್ನೋ, ನೃತ್ಯವೂ ಪಟ್ಟಿಯಲ್ಲಿದ್ದರೆ ಓದುವೆಯಾ ಎಂದು ಒಮ್ಮೆ ಕೇಳಿರಿ. ಓದುವೆನೆಂದರೆ, ಈ ಪತ್ರದ ಹಿಂಬದಿಯಲ್ಲಿ ಮುದ್ರಿಸಿರುವ ಮನವಿಯನ್ನು ಕತ್ತರಿಸಿ, ನೀವಿಬ್ಬರೂ ರುಜು ಮಾಡಿ, ಹತ್ತಿರದ ಸರಕಾರಿ ಪದವಿಪೂರ್ವ ಕಾಲೇಜಿನ ಪ್ರಾಚಾರ್ಯರ ಕೈಗೆ ಕೊಟ್ಟು, ತಲುಪಿದುದಕ್ಕೆ ಸ್ವೀಕೃತಿಯನ್ನು ಬರೆಸಿಕೊಂಡು ಬನ್ನಿರಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ
ತಾವರಗೇರಾ