ಕೊನೆಯ ಹತ್ತು ನಿಮಿಷ

ಕಳೆದ ಶನಿವಾರ ರಾತ್ರಿ ಮೊಮ್ಮಗನ ಪಕ್ಕ ಕೂತು ಟಿವಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ನೋಡುತ್ತಿದ್ದೆ. ಎಂಬತ್ತನೇ ನಿಮಿಷ. ಆ ಊರಿನ ತಂಡ ಒಂದು ಗೋಲು ಹಿಂದಿತ್ತು. ಕ್ಯಾಮೆರಾ ಗ್ಯಾಲರಿಯ ಕಡೆ ತಿರುಗಿದಾಗ ಜನ ಕೋಟು ಹಾಕಿಕೊಳ್ಳುತ್ತಾ, ಕೂತವರ ಮೊಣಕಾಲು ದಾಟಿಕೊಂಡು ಮೆಟ್ಟಿಲ ಕಡೆ ಸಾಗುತ್ತಿದ್ದರು. ಐದೇ ನಿಮಿಷದಲ್ಲಿ ಖಾಲಿ ಕುರ್ಚಿಗಳು ಸಾಲುಸಾಲಾಗಿ ಕಾಣತೊಡಗಿದವು.

"ತಾತ, ಮ್ಯಾಚ್ ಮುಗಿದೇ ಇಲ್ಲ. ಇವರೆಲ್ಲ ಎಲ್ಲಿಗೆ ಹೋಗ್ತಾ ಇದಾರೆ?"

"ಮನೆಗೆ ಕಣೋ. ಟ್ರಾಫಿಕ್ ಶುರುವಾಗೋದ್ರೊಳಗೆ."

ಅವನು ನನ್ನ ಮುಖವನ್ನೊಮ್ಮೆ ನೋಡಿದ, ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅನ್ನುವುದು ನನಗೆ ಗೊತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮಕ್ಕಳೇ, ಬೇಗ ಎದ್ದು ಹೋಗುವವರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದಕ್ಕೆ 1999ರ ಮೇ 26ರಂದು ನಡೆದ ಒಂದು ಕಥೆ ಇದೆ. ಬಾರ್ಸಿಲೋನಾದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್. ಜರ್ಮನಿಯ ಬಯರ್ನ್ ಮ್ಯೂನಿಕ್ ಆರನೇ ನಿಮಿಷದಲ್ಲೇ ಗೋಲು ಹೊಡೆದು, 90 ನಿಮಿಷ ಮುಗಿದರೂ 1-0 ಮುಂದೆ. ಯುರೋಪಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಲೆನಾರ್ಟ್ ಯೋಹಾನ್ಸನ್ ಕಪ್ ಕೊಡಲು ಮೇಲಿನಿಂದ ಲಿಫ್ಟಿನಲ್ಲಿ ಕೆಳಗಿಳಿದರು. ಅವರು ಇಳಿಯುವ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಟೆಡ್ಡಿ ಶೆರಿಂಗಮ್ ಒಂದು ಗೋಲು, ಓಲೆ ಸೋಲ್‌ಶಾರ್ ಇನ್ನೊಂದು ಗೋಲು ಹೊಡೆದು ಆಟವನ್ನೇ ತಿರುಗಿಸಿಬಿಟ್ಟಿದ್ದರು. ಮೈದಾನಕ್ಕೆ ಬಂದ ಅಧ್ಯಕ್ಷರಿಗೆ ದಿಕ್ಕೇ ತೋಚಲಿಲ್ಲ. ಗೆದ್ದವರು ಅಳುತ್ತಿದ್ದಾರೆ, ಸೋತವರು ಕುಣಿಯುತ್ತಿದ್ದಾರಲ್ಲ ಎಂದುಕೊಂಡರಂತೆ! ಕಪ್ ಕೊಡಬೇಕಾದವರಿಗೇ ಕಪ್ ಯಾರದೆಂದು ತಿಳಿಯದೆ ಹೋಯಿತು.

2012ರ ಮೇ 13ರಂದು ಇನ್ನೂ ಕಷ್ಟದ ಸಂಗತಿ ನಡೆಯಿತು. ಮ್ಯಾಂಚೆಸ್ಟರ್ ಸಿಟಿ ತಂಡ 44 ವರ್ಷಗಳಿಂದ ಲೀಗ್ ಗೆದ್ದಿರಲಿಲ್ಲ. ಕೊನೆಯ ಪಂದ್ಯ ಗೆದ್ದರೆ ಸಾಕು ಅನ್ನುವಾಗ 90 ನಿಮಿಷ ಕಳೆದರೂ 2-1ರಿಂದ ಹಿಂದಿತ್ತು. ನೋಡಲಾರದೆ ಕಣ್ಣೀರಿಟ್ಟು ಹೊರನಡೆದವರಿದ್ದರು. ಹೆಚ್ಚುವರಿ ಸಮಯದಲ್ಲಿ ಝೆಕೊ ಒಂದು ಗೋಲು ಹೊಡೆದ. ಕೊನೆಗೆ ಅಗ್ಯುರೊ ಇನ್ನೊಂದು ಹೊಡೆದ. ಹೊರಗೆ ಹೋದವರು ಕೂಗು ಕೇಳಿ ತಿರುಗಿ ಓಡಿ ಬಂದರು. 44 ವರ್ಷ ಕಾದವರಿಗೆ ಆ ನಾಲ್ಕು ನಿಮಿಷ ಕಾಯಲು ಆಗಲಿಲ್ಲ, ನೋಡಿ.

ಹಾಗೆಂದು ಎದ್ದು ಹೋಗುವವರನ್ನೆಲ್ಲ ಬೈಯುವುದು ಸರಿಯಲ್ಲ. ಆಟದಲ್ಲಿ ವ್ಯರ್ಥವಾದ ಸಮಯವನ್ನು ಈಗೀಗ ಲೆಕ್ಕ ಹಾಕಿ ಕೊನೆಯಲ್ಲಿ ಸೇರಿಸುತ್ತಾರೆ. 90 ನಿಮಿಷದ ಆಟ 100 ನಿಮಿಷ ಮುಟ್ಟುವುದೂ ಉಂಟು. ಟಿವಿಯವರ ಅನುಕೂಲಕ್ಕೆ ಪಂದ್ಯವನ್ನು ಸೋಮವಾರ ರಾತ್ರಿ ಎಂಟಕ್ಕೆ ಇಟ್ಟರೆ, ದೂರದೂರಿನಿಂದ ಬಂದವನಿಗೆ ಕೊನೆಯ ರೈಲು ತಪ್ಪುವ ಭಯ. ನನ್ನ ವಾರಿಗೆಯವರಿಗಂತೂ ಮಂಡಿನೋವಿನ ಜೊತೆ ಜನಜಂಗುಳಿಯಲ್ಲಿ ಮೆಟ್ಟಿಲಿಳಿಯುವುದೇ ಒಂದು ಪಂದ್ಯ.

ಮೈದಾನಗಳಲ್ಲಿ ಹಿಂದಿನ ಗದ್ದಲ ಇಲ್ಲ ಎಂದು ಅಲ್ಲಿನ ಹಿರಿಯರು ಕೊರಗುತ್ತಾರೆ. ಅದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ. ಹಿಂದೆ ಗೋಲಿನ ಹಿಂದೆ ಮೆಟ್ಟಿಲ ಮೇಲೆ ಸಾವಿರಾರು ಜನ ಒತ್ತೊತ್ತಾಗಿ ನಿಂತು ಹಾಡುತ್ತಿದ್ದರು. 1989ರಲ್ಲಿ ಷೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಿಂದ 97 ಮಂದಿ ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ ಸಲಹೆಯಂತೆ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಬಂತು. ಮಾಡಿದ್ದು ಸರಿ, ಒಂದು ಜೀವಕ್ಕಿಂತ ಯಾವ ಹಾಡೂ ದೊಡ್ಡದಲ್ಲ. ಆದರೆ ಕುರ್ಚಿಯ ಜೊತೆ ಟಿಕೆಟ್ಟಿನ ಬೆಲೆಯೂ ಏರಿತು; ಕಾಸು ಕೂಡಿಸಿ ಬರುತ್ತಿದ್ದ ಹುಡುಗರು ಕಡಿಮೆಯಾದರು. ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಇಂದಿಗೂ ದಕ್ಷಿಣದ ಗ್ಯಾಲರಿಯಲ್ಲಿ ಸುಮಾರು 25 ಸಾವಿರ ಜನ ನಿಂತೇ ನೋಡುತ್ತಾರೆ. ಇಂಗ್ಲೆಂಡಿನಲ್ಲೂ 2022ರಿಂದ ಕಂಬಿ ಹಾಕಿದ ಕೆಲವು ಜಾಗಗಳಲ್ಲಿ ನಿಲ್ಲಲು ಮತ್ತೆ ಒಪ್ಪಿಗೆ ಸಿಕ್ಕಿದೆ.

ನಮ್ಮಲ್ಲಿ ಎದ್ದು ಹೋಗುವ ಮಾತಿರಲಿ, ಬರುವವರೇ ಇಲ್ಲದ ಕಾಲವೂ ಇತ್ತು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ತಂಡ 5-0 ಗೆದ್ದಾಗ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದವರು ಎರಡೂವರೆ ಸಾವಿರ ಚಿಲ್ಲರೆ ಜನ. ಮಾರನೇ ದಿನ ಛೆಟ್ರಿ ಕೈಮುಗಿದು, ಬೈಯಲಿಕ್ಕಾದರೂ ಸರಿ, ಮೈದಾನಕ್ಕೆ ಬನ್ನಿ ಎಂದು ಬೇಡಿಕೊಂಡರು. ಮುಂದಿನ ಪಂದ್ಯಕ್ಕೆ ಟಿಕೆಟ್ಟೆಲ್ಲ ಖಾಲಿ. ಸುರಿಯುವ ಮಳೆಯಲ್ಲೂ ಜನ ತುಂಬಿದ್ದರು.

ಇನ್ನು ನನ್ನ ಕಥೆ. ಎರಡು ವರ್ಷದ ಹಿಂದೆ ಮೊಮ್ಮಗನನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಮೊದಲ ಸಲ ಕರೆದುಕೊಂಡು ಹೋಗಿದ್ದೆ. ಪಶ್ಚಿಮದ ಗ್ಯಾಲರಿಯಲ್ಲಿ ಬೆಂಗಳೂರು ಎಫ್‌ಸಿಯ ಹುಡುಗರು ಡೋಲು ಬಾರಿಸುತ್ತಾ ನಿಂತೇ ಇದ್ದರು. ಅವರ ಹಾಡು ಇವನಿಗೆ ಅರ್ಧ ಗಂಟೆಯಲ್ಲೇ ಬಾಯಿಪಾಠ. ಎರಡು ಕಡೆಯೂ ಗೋಲಿಲ್ಲ. ಹತ್ತು ನಿಮಿಷ ಉಳಿದಿರುವಾಗ ನಾನು ಗಡಿಯಾರ ನೋಡಿದೆ. "ಏಳೋ ಪುಟ್ಟ, ಆಮೇಲೆ ಮೆಟ್ರೋದಲ್ಲಿ ಕಾಲಿಡೋಕೂ ಜಾಗ ಸಿಗಲ್ಲ" ಅಂದೆ. ಎದುರಾಡದೆ ಎದ್ದ.

ಗೇಟು ದಾಟಿ ರಸ್ತೆಗೆ ಬಂದಿದ್ದೆವು. ಹಿಂದೆ ಗುಡುಗಿದಂತೆ ಒಂದು ಸದ್ದು. ಅವನ ಕೈ ನನ್ನ ಕೈಯಿಂದ ಜಾರಿತು. "ಯಾರು ಹೊಡೆದದ್ದು ತಾತ?" ಗೇಟಿನ ಬಳಿಯಿದ್ದ ಪೊಲೀಸಪ್ಪನನ್ನು ಕೇಳಿದೆ, ಆತನೂ ನಮ್ಮಂತೆ ಗೋಡೆಗೆ ಬೆನ್ನು ಹಾಕಿ ನಿಂತವನು. ಒಳಗೆ ವಾಪಸು ಬಿಡುವಂತಿರಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಆ ಗೋಲನ್ನು ನಾಲ್ಕು ಸಲ ನೋಡಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಮಾಸ್ತನಾಗಿದ್ದೆ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಒಂದು ದಿನವೂ ಕೌಂಟರ್ ಬಿಟ್ಟು ಎದ್ದವನಲ್ಲ. ಒಂದು ರೂಪಾಯಿ ಕಡಿಮೆ ಬಿದ್ದರೂ ರಾತ್ರಿ ಎಂಟರ ತನಕ ಹುಡುಕಿದ್ದುಂಟು, ನಮ್ಮವಳಿಂದ ಬೈಸಿಕೊಂಡದ್ದೂ ಉಂಟು. ಅಂಥವನು ಮೊಮ್ಮಗನ ಮೊದಲ ಪಂದ್ಯವನ್ನು ಟ್ಯಾಲಿ ಮಾಡದೆ ಎಬ್ಬಿಸಿಕೊಂಡು ಬಂದೆ.

ಮುಂದಿನ ಪಂದ್ಯಕ್ಕೆ ಹೋಗೋಣವೇ ಎಂದು ಮೊನ್ನೆ ನಾನೇ ಕೇಳಿದೆ. ಬರುತ್ತಾನಂತೆ. ಷರತ್ತು ಒಂದೇ: ನನ್ನ ಕೈಗಡಿಯಾರ ಅವನ ಜೇಬಿನಲ್ಲಿರಬೇಕು.