ಮೂಳೆ ಹೇಳಿದಷ್ಟೇ ಬರೆಯಿರಿ

ಏಪ್ರಿಲ್ ಬಂತೆಂದರೆ ಒಂಟಿಕೊಪ್ಪಲಿನ ಮನೆಗಳ ಗೇಟಿಗೆ ಬೇಸಿಗೆ ಶಿಬಿರಗಳ ಕರಪತ್ರ ಸಿಕ್ಕಿಸಿ ಹೋಗುವವರು ಹೆಚ್ಚುತ್ತಾರೆ. ಚಿತ್ರಕಲೆ, ಈಜು, ಚದುರಂಗ, ವೇದಗಣಿತ, ನಾಟಕ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ತಮ್ಮ ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಬೇರೊಂದು ಬಗೆಯ ಶಿಬಿರ ನಡೆಸುತ್ತವೆ. ಅಲ್ಲಿ ಮಕ್ಕಳ ಮುಂದಿಡುವುದು ಮೂಳೆ, ಅಳತೆಪಟ್ಟಿ ಮತ್ತು ಒಂದು ನೋಟ್‌ಬುಕ್ಕು. ಈ ಮೂಳೆ ಗಂಡಿನದೋ ಹೆಣ್ಣಿನದೋ? ವಯಸ್ಸೆಷ್ಟು, ಎತ್ತರವೆಷ್ಟು? ನ್ಯಾಯಾಲಯ ಒಪ್ಪುವಂಥ ಉತ್ತರ ಹುಡುಕುವ ಈ ವಿದ್ಯೆಗೆ ವಿಧಿವಿಜ್ಞಾನ ಮಾನವಶಾಸ್ತ್ರ ಎಂದು ಹೆಸರು.

ಪಂಚಾಂಗಕ್ಕೆ ಹೆಸರಾದ ಒಂಟಿಕೊಪ್ಪಲಿನಲ್ಲಿ ಇಂಥ ಶಿಬಿರಕ್ಕೆ ಒಳ್ಳೆಯ ಮುಹೂರ್ತ ಸಿಗುವುದು ಕಷ್ಟವೇ! 'ಮಕ್ಕಳ ಕೈಗೆ ಮೂಳೆ ಕೊಡುವುದೇ?' ಎಂದು ಅಜ್ಜಿಯರು ಕೇಳಿಯಾರು. ಆದರೆ ಮೂಳೆ ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಹಿರಿಯರು ತೀರಿಕೊಂಡರೆ ಅಸ್ಥಿ ಆಯ್ದು ಮಡಕೆಯಲ್ಲಿ ತುಂಬಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುವುದು ಮೈಸೂರಿನ ಎಷ್ಟೋ ಕುಟುಂಬಗಳು ಮಾಡಿರುವ ಕೆಲಸ. ಹಾಗೆ ನೀರಿಗೆ ಬಿಡಲು ಒಂದು ಹಿಡಿ ಅಸ್ಥಿಯೂ ಸಿಗದೆ, ತಿಥಿ ಯಾವ ದಿನವೆಂದೂ ತಿಳಿಯದೆ ಕಾಯುತ್ತಿರುವ ಮನೆಗಳೂ ಇವೆ. ಪತ್ರಿಕೆಯ ಮೂಲೆಯಲ್ಲಿ 'ಅಪರಿಚಿತ ಶವ ಪತ್ತೆ' ಎಂಬ ನಾಲ್ಕು ಸಾಲಿನ ಸುದ್ದಿ ನೋಡಿದ್ದೀರಲ್ಲ, ಅದನ್ನು ಎದೆ ಬಡಿತ ಹಿಡಿದು ಓದುವವರು ಅವರೇ.

ಸಿಕ್ಕಿದ್ದು ಬರೀ ಮೂಳೆಯಾದರೆ ಮೊದಲ ಪ್ರಶ್ನೆ: ಇದು ಮನುಷ್ಯನದೇ? ಎಷ್ಟೋ ಸಲ ಅದು ನಾಯಿಯದೋ ಕುರಿಯದೋ ಆಗಿರುತ್ತದೆ. ಮನುಷ್ಯನದಾದರೆ ಸೊಂಟದ ಮೂಳೆ ನೋಡಿ ಗಂಡು, ಹೆಣ್ಣು ಎನ್ನಬಹುದು. ಮಗುವಿನದಾದರೆ ಆಕಾರದಿಂದ ಅದನ್ನು ನಂಬಿಕೆಯಿಂದ ಹೇಳಲಾಗದು, ಆ ವ್ಯತ್ಯಾಸ ಮೂಡುವುದೇ ಪ್ರಾಯಕ್ಕೆ ಬಂದ ಮೇಲೆ. ತೊಡೆಮೂಳೆಯ ಉದ್ದದಿಂದ ಎತ್ತರ ಲೆಕ್ಕ ಹಾಕುತ್ತಾರೆ. 1952ರಲ್ಲಿ ಟ್ರಾಟರ್ ಮತ್ತು ಗ್ಲೆಸರ್ ಎಂಬ ವಿಜ್ಞಾನಿಗಳು ರೂಪಿಸಿದ ಸೂತ್ರ ಪ್ರಸಿದ್ಧ. ಆದರೆ ಅದು ಅಮೆರಿಕನ್ನರ ಮೂಳೆಗಳಿಂದ ಬಂದದ್ದು, ನಮ್ಮವರ ಕೈಕಾಲುಗಳ ಅಳತೆಗೆ ಹಾಗೆಯೇ ಹೊಂದುವುದಿಲ್ಲ. ಅಲ್ಲದೆ ಸೂತ್ರ ಹಾಕಿದರೂ ಮೂರು-ನಾಲ್ಕು ಸೆಂಟಿಮೀಟರು ಆಚೀಚೆ ಇದ್ದೇ ಇರುತ್ತದೆ.

ವಯಸ್ಸಿನ ವಿಷಯ ಇನ್ನೂ ಸೂಕ್ಷ್ಮ. ಎಸ್ಸೆಸ್ಸೆಲ್ಸಿ ಓದುವ ಹುಡುಗನ ಮೂಳೆಗಳ ತುದಿಯಲ್ಲಿ ಇನ್ನೂ ಮೃದ್ವಸ್ಥಿ ಇರುತ್ತದೆ. ಅದು ಗಟ್ಟಿಯಾಗಿ ಬೆಸೆದುಕೊಂಡಾಗ ಬೆಳವಣಿಗೆ ನಿಲ್ಲುತ್ತದೆ. ಎದೆಯ ನಡುವಿನ ಮೂಳೆಗೆ ತಾಗುವ ಕೊರಳೆಲುಬಿನ ತುದಿ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಮೇಲೆ ಬೆಸೆಯುತ್ತದೆ. ಜನನ ಪತ್ರವಿಲ್ಲದ ಹುಡುಗನೊಬ್ಬ ಅಪರಾಧದಲ್ಲಿ ಸಿಕ್ಕಿಬಿದ್ದರೆ, ಅವನಿಗೆ ಹದಿನೇಳೋ ಹತ್ತೊಂಬತ್ತೋ ಎಂಬುದು ಬಾಲ ನ್ಯಾಯ ಮಂಡಳಿಗೋ ದೊಡ್ಡವರ ನ್ಯಾಯಾಲಯಕ್ಕೋ ಎಂಬುದನ್ನು ತೀರ್ಮಾನಿಸುತ್ತದೆ. ಎಕ್ಸ್‌ರೇ ಹೇಳುವ ವಯಸ್ಸಿನಲ್ಲಿ ಎರಡೂ ಕಡೆಗೆ ಎರಡೆರಡು ವರ್ಷ ವ್ಯತ್ಯಾಸವಾಗಬಹುದೆಂದು ಸುಪ್ರೀಂ ಕೋರ್ಟು 1982ರ ಜಯಮಾಲಾ ಪ್ರಕರಣದಲ್ಲೇ ಹೇಳಿತು. 'ಸುಮಾರು' ಎಂಬ ಪದವನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ನೂರಕ್ಕೆ ನೂರು ಅಂಕದ ಹಿಂದೆ ಓಡುವ ಮಕ್ಕಳಿಗೆ ಇದನ್ನು ಯಾವ ಟ್ಯೂಷನ್ನಿನಲ್ಲಿ ಹೇಳಿಕೊಡುತ್ತಾರೆ?

ಪಂಜಾಬಿನ ಅಜ್ನಾಲಾ ಊರಿನ ಹಾಳು ಬಾವಿಯಲ್ಲಿ 2014ರಲ್ಲಿ ರಾಶಿ ರಾಶಿ ಮೂಳೆ ಸಿಕ್ಕವು. 1857ರಲ್ಲಿ ಬ್ರಿಟಿಷರು ಕೊಂದ ಸಿಪಾಯಿಗಳವೆಂದು ಕೆಲವರು, 1947ರ ದೇಶವಿಭಜನೆಯಲ್ಲಿ ಸತ್ತವರವೆಂದು ಕೆಲವರು ಹೇಳಿದರು. ತಜ್ಞರಿಲ್ಲದೆ ಅವಸರದಲ್ಲಿ ಅಗೆದದ್ದರಿಂದ ಎಷ್ಟೋ ಮೂಳೆಗಳು ಚೂರಾಗಿದ್ದವು. ಕೊನೆಗೆ ಆಧಾರವಾದದ್ದು ಹಲ್ಲು. ಬಾಲ್ಯದಲ್ಲಿ ಕುಡಿದ ನೀರಿನ, ತಿಂದ ಅನ್ನದ ಗುರುತು ಹಲ್ಲಿನಲ್ಲಿ ಉಳಿದಿರುತ್ತದೆ. ಕಾವೇರಿ ನೀರು ಕುಡಿದು ಬೆಳೆದವರ ಹಲ್ಲೂ ಹಾಗೆಯೇ ತನ್ನ ಸೀಮೆಯ ಗುರುತು ಇಟ್ಟುಕೊಂಡಿರುತ್ತದೆ. ಹಲ್ಲಿನ ರಸಾಯನ ಮತ್ತು ಡಿಎನ್‌ಎ ಎರಡನ್ನೂ ನೋಡಿ, ಸತ್ತವರು ಪಂಜಾಬಿನವರಲ್ಲ, ಗಂಗಾ ಬಯಲಿನ ಕಡೆಯವರು ಎಂದು 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದು ಸಿಪಾಯಿಗಳ ಕಥೆಗೆ ಹೊಂದಿತು. ಅವರೊಬ್ಬೊಬ್ಬರ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ.

ವಿದ್ಯಾರ್ಥಿಗಳಿಂದ ಏನಾದೀತು ಎನ್ನುವವರು ಅರ್ಜೆಂಟೀನಾ ನೋಡಬೇಕು. ಅಲ್ಲಿನ ಸೇನಾ ಆಡಳಿತದಲ್ಲಿ ಸಾವಿರಾರು ಜನ ಕಾಣೆಯಾಗಿದ್ದರು. 1984ರಲ್ಲಿ ಅಮೆರಿಕದ ಕ್ಲೈಡ್ ಸ್ನೋ ಅಲ್ಲಿಗೆ ಹೋದಾಗ ಗೋರಿ ಅಗೆಯಲು ಜೊತೆಯಾದವರು ಕಾಲೇಜು ಹುಡುಗ ಹುಡುಗಿಯರು. ಅವರು ಕಟ್ಟಿದ ತಂಡ ಮುಂದೆ ಅನೇಕ ದೇಶಗಳಲ್ಲಿ ಕೆಲಸ ಮಾಡಿತು.

ನಮ್ಮ ದೇಶದ ಒಂದು ಕಹಿ ಸಂಗತಿಯನ್ನೂ ಇಲ್ಲಿ ಹೇಳಬೇಕು. ವಿದೇಶದ ಶಾಲೆ, ವೈದ್ಯಕೀಯ ಕಾಲೇಜುಗಳಲ್ಲಿ ತೂಗುಹಾಕಿದ್ದ ಅಸ್ಥಿಪಂಜರಗಳಲ್ಲಿ ಬಹುಪಾಲು ಭಾರತದಿಂದ, ಅದರಲ್ಲೂ ಕಲ್ಕತ್ತೆಯಿಂದ ಹೋದವು. 1985ರಲ್ಲಿ ಸರ್ಕಾರ ರಫ್ತು ನಿಷೇಧಿಸುವವರೆಗೂ ಅದು ರಾಜಾರೋಷದ ವ್ಯಾಪಾರ. ಹೆಣ ಸುಡಲು ಸೌದೆಗೂ ಗತಿಯಿಲ್ಲದವರ ಮೂಳೆ ಅವು. ಹೆಸರಿಲ್ಲದವರಿಗೆ ಹೆಸರು ಹುಡುಕುವ ಪಾಠವನ್ನು, ಹೆಸರು ಅಳಿಸಿ ಮಾರಿದವರ ಮೂಳೆ ಹಿಡಿದು ಕಲಿತದ್ದು! ಆದ್ದರಿಂದ ನಮ್ಮಲ್ಲಿ ಶಿಬಿರ ಮಾಡಿದರೆ ನಿಜವಾದ ಮನುಷ್ಯರ ಮೂಳೆ ಬೇಡವೇ ಬೇಡ, ಪ್ಲಾಸ್ಟಿಕ್ ಅಚ್ಚು ಸಾಕು.

ಉಳಿದ ಅನುಕೂಲವೆಲ್ಲ ಇಲ್ಲೇ ಇದೆ. ಮೈಸೂರು ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗ ಇರುವ ಮಾನಸಗಂಗೋತ್ರಿ ಒಂಟಿಕೊಪ್ಪಲಿನಿಂದ ಸೈಕಲ್ ತುಳಿಯುವಷ್ಟು ದೂರ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ದಕ್ಷಿಣ ವಲಯ ಕೇಂದ್ರವೂ ಮೈಸೂರಿನಲ್ಲೇ ಇದೆ.

ಕೆಲಸ ಸಿಗುತ್ತದೆಯೇ ಎಂದು ತಂದೆತಾಯಿಯರು ಕೇಳುವುದು ನ್ಯಾಯವೇ. ಮೂಳೆ ತಜ್ಞರೆಂದೇ ನೇಮಿಸಿಕೊಳ್ಳುವ ಹುದ್ದೆಗಳು ನಮ್ಮಲ್ಲಿ ಕಡಿಮೆ. ಮೂಳೆ ಸಾಮಾನ್ಯವಾಗಿ ಹೋಗುವುದು ವೈದ್ಯಕೀಯ ಕಾಲೇಜಿನ ನ್ಯಾಯವೈದ್ಯರ ಬಳಿಗೆ. ಆದರೆ 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನು, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೂ ಇದೆ.

ಶಿಬಿರ ಬರುವ ತನಕ ಕಾಯಬೇಕಾಗಿಲ್ಲ. ಬೀದಿಯ ಹತ್ತು ಮಕ್ಕಳು ಸೇರಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆಯಿರಿ, ಎತ್ತರವನ್ನೂ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಆಮೇಲೆ ಹನ್ನೊಂದನೆಯವನ ಮುಂಗೈ ಮಾತ್ರ ಅಳೆದು ಅವನ ಎತ್ತರ ಹೇಳಿ ನೋಡಿ. ಎಷ್ಟು ಸೆಂಟಿಮೀಟರು ತಪ್ಪಿತು ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ.