ಉಪಕಾರ ಮತ್ತು ಹಕ್ಕು

ಸಮಾಜಸೇವೆ ಮಾಡಿದವರೇ ಒಳ್ಳೆಯ ರಾಜಕಾರಣಿಗಳಾಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಚುನಾವಣೆ ಹತ್ತಿರ ಬಂದಂತೆ ಉಚಿತ ಕಣ್ಣಿನ ತಪಾಸಣೆ, ನೋಟ್‌ಬುಕ್ ವಿತರಣೆ, ಸಾಮೂಹಿಕ ವಿವಾಹಗಳು ಹೆಚ್ಚುವುದೂ ಇದೇ ಕಾರಣಕ್ಕೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕೆಂದರೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಟಾಮಿ ಡಗ್ಲಸ್ ಒಳ್ಳೆಯ ಉದಾಹರಣೆ.

ಸ್ಕಾಟ್ಲೆಂಡ್‌ನಲ್ಲಿ 1904ರಲ್ಲಿ ಹುಟ್ಟಿದ ಡಗ್ಲಸ್ ಬಾಲ್ಯದಲ್ಲೇ ವಿನ್ನಿಪೆಗ್‌ಗೆ ಬಂದವರು. ಕಾಲಿನ ಮೂಳೆಗೆ ಸೋಂಕು ತಗುಲಿ ಕಾಲನ್ನೇ ಕತ್ತರಿಸುವ ಸ್ಥಿತಿ ಬಂದಿತ್ತು. ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪುವುದಾದರೆ ಪುಕ್ಕಟೆಯಾಗಿ ಶಸ್ತ್ರಚಿಕಿತ್ಸೆ ಮಾಡುತ್ತೇನೆ ಎಂದು ವೈದ್ಯರೊಬ್ಬರು ಮುಂದೆ ಬಂದರು. ಕಾಲು ಉಳಿಯಿತು. ಆದರೆ ಅದು ಉಳಿದದ್ದು ಅದೃಷ್ಟದಿಂದ. ಆ ವೈದ್ಯರ ಕಣ್ಣಿಗೆ ಬೀಳದ ಬಡ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಡಗ್ಲಸ್‌ರನ್ನು ಬಿಡಲೇ ಇಲ್ಲ.

1930ರಲ್ಲಿ ಅವರು ವೇಬರ್ನ್ ಎಂಬ ಸಣ್ಣ ಊರಿಗೆ ಪಾದ್ರಿಯಾಗಿ ಹೋದಾಗ ಬರ, ಆರ್ಥಿಕ ಕುಸಿತ ಎರಡೂ ಒಟ್ಟಿಗೆ ಬಂದೆರಗಿದ್ದವು. ಗೋಧಿಗೆ ಬೆಲೆಯಿಲ್ಲ, ಕೈಗೆ ಕೆಲಸವಿಲ್ಲ. ಚರ್ಚಿನಲ್ಲಿ ಬಟ್ಟೆ, ಆಹಾರ ಕೂಡಿಸಿ ಹಂಚಿದರು. 1931ರಲ್ಲಿ ಎಸ್ಟೆವಾನ್‌ನ ಕಲ್ಲಿದ್ದಲು ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಮನೆಗಳಿಗೂ ಆಹಾರ ಒಯ್ದರು. ಅಲ್ಲಿ ಪೊಲೀಸರ ಗುಂಡಿಗೆ ಮೂವರು ಕಾರ್ಮಿಕರು ಬಲಿಯಾದರು. ಎಷ್ಟು ಹಂಚಿದರೂ ಸಾಲದು ಎಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಹಾಗಾಗಿ ರಾಜಕಾರಣಕ್ಕಿಳಿದರು. 1934ರ ಪ್ರಾಂತೀಯ ಚುನಾವಣೆಯಲ್ಲಿ ಸೋತರು, ಮರುವರ್ಷ ಸಂಸತ್ತಿಗೆ ಗೆದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಸಂತಚರಿತ್ರೆಯಾದೀತು. ಇದೇ ಡಗ್ಲಸ್ 1933ರಲ್ಲಿ ಎಂ.ಎ. ಪದವಿಗೆ ಬರೆದ ಪ್ರಬಂಧದಲ್ಲಿ, ಬುದ್ಧಿಮಾಂದ್ಯರೆಂದು ಗುರುತಿಸಿದವರಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದು ವಾದಿಸಿದ್ದರು. ಹಸಿದವರಿಗೆ ಅನ್ನ ಕೊಟ್ಟವರೇ! ಸೇವೆ ಮಾಡುವವನು ಮೇಲೆ ನಿಂತು ಕೆಳಗಿನವರನ್ನು ತೂಗಿ ನೋಡತೊಡಗುವ ಅಪಾಯ ಸೇವೆಯೊಳಗೇ ಇದೆ. ಪಕ್ಕದ ಆಲ್ಬರ್ಟಾದಲ್ಲಿ ಅಂಥ ಕಾನೂನು 1928ರಿಂದಲೇ ಇತ್ತು. 1944ರಲ್ಲಿ ಸಸ್ಕಾಚೆವಾನ್‌ನ ಮುಖ್ಯಮಂತ್ರಿಯಾಗಿ ಆರೋಗ್ಯ ಖಾತೆಯನ್ನೂ ತಾವೇ ಇಟ್ಟುಕೊಂಡ ಡಗ್ಲಸ್ ಅಂಥದ್ದನ್ನು ಜಾರಿಗೆ ತರಲಿಲ್ಲ. ಹಳೆಯ ಅಭಿಪ್ರಾಯವನ್ನು ಅಧಿಕಾರ ಸಿಕ್ಕಾಗ ಕೈಬಿಟ್ಟದ್ದು ಅವರ ಹಿರಿಮೆ. ಆದರೆ ಅದಕ್ಕೆ ಸೇವೆಯೇ ಕಾರಣವೆನ್ನಲು ಆಧಾರವಿಲ್ಲ.

ಅವರ ನಿಜವಾದ ಸಾಧನೆ, ಉಪಕಾರವನ್ನು ಹಕ್ಕಾಗಿಸಿದ್ದು. 1947ರಲ್ಲಿ ಇಡೀ ಪ್ರಾಂತ್ಯಕ್ಕೆ ಆಸ್ಪತ್ರೆ ವಿಮೆ ಬಂತು. ತಲೆಗೆ ವರ್ಷಕ್ಕೆ ಐದು ಡಾಲರ್ ಕಟ್ಟಬೇಕಿತ್ತು. ವೈದ್ಯರ ಶುಲ್ಕವನ್ನೂ ಸರ್ಕಾರ ಭರಿಸುವ ಯೋಜನೆಗೆ ಮಾತ್ರ ಅವರು ಅವಸರಪಡಲಿಲ್ಲ. ಖಜಾನೆ ಗಟ್ಟಿಯಾಗುವ ತನಕ ಕಾದರು. ಕೊಡುಗೈ ದೊರೆಯಾಗಲು ಹೊರಟ ನಾಯಕನಿಗೆ ಈ ಲೆಕ್ಕಾಚಾರ ಹಿಡಿಸುತ್ತಿರಲಿಲ್ಲ.

ವೈದ್ಯರ ಶುಲ್ಕ ಭರಿಸುವ ಆ ಯೋಜನೆ 1962ರ ಜುಲೈ 1ರಂದು ಶುರುವಾದಾಗ ಡಗ್ಲಸ್ ಅಧಿಕಾರದಲ್ಲಿರಲಿಲ್ಲ. ಹೊಸ ಪಕ್ಷದ ನಾಯಕತ್ವ ವಹಿಸಿ ಕೇಂದ್ರ ರಾಜಕಾರಣಕ್ಕೆ ಹೋಗಿದ್ದ ಅವರನ್ನು ಎರಡು ವಾರದ ಹಿಂದಷ್ಟೇ ರೆಜೈನಾದ ಮತದಾರರು ಸೋಲಿಸಿದ್ದರು. ಯೋಜನೆಯನ್ನು ವಿರೋಧಿಸಿ ವೈದ್ಯರು 23 ದಿನ ಮುಷ್ಕರ ಹೂಡಿದರು. ಉತ್ತರಾಧಿಕಾರಿ ವುಡ್ರೋ ಲಾಯ್ಡ್ ಜಗ್ಗಲಿಲ್ಲ. ಕೊಡುವವನ ಹೆಸರಿನಲ್ಲಿ ನಡೆಯುವ ಶಿಬಿರ ಅವನು ಸೋತ ಮರುದಿನ ನಿಲ್ಲುತ್ತದೆ. ಈ ಯೋಜನೆ ನಿಲ್ಲಲಿಲ್ಲ. 1964ರಲ್ಲಿ ಲಾಯ್ಡ್ ಸೋತು ಎದುರಾಳಿ ಲಿಬರಲ್ ಪಕ್ಷ ಅಧಿಕಾರಕ್ಕೆ ಬಂತು. ಯೋಜನೆಯನ್ನು ಅದೂ ರದ್ದು ಮಾಡಲಿಲ್ಲ. 1966ರಲ್ಲಿ ಕೆನಡಾದ ಸಂಸತ್ತು ಅದೇ ಮಾದರಿಯನ್ನು ದೇಶಕ್ಕೆಲ್ಲ ವಿಸ್ತರಿಸುವ ಕಾನೂನು ಮಾಡಿತು.